ಪ್ಲಾಸ್ಮಾದಲ್ಲಿ ಬಾವ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ದೊಡ್ಡ ಪ್ಲಾಸ್ಮಾ ಟಿ.ವಿ.ಯನ್ನು ನಾನು ಮನೆಗೆ ತಂದದ್ದು ನೋಡುವುದಕ್ಕಲ್ಲ, ತೋರಿಸುವುದಕ್ಕೆ. ನೋಡುವುದಕ್ಕಾದರೆ ನಮ್ಮ ಹಳೆಯ ಡಬ್ಬಿ ಟಿ.ವಿ.ಯೇ ಸಾಕಿತ್ತು. ಚಿತ್ರ ಓರೆಯಾದರೆ ಅದರ ಎಡಗೆನ್ನೆಗೆ ಒಂದೇಟು ಕೊಡಬೇಕು, ನೆಟ್ಟಗಾಗುತ್ತಿತ್ತು. ಆ ಏಟಿನ ಹದ ನನ್ನ ಹೆಂಡತಿ ಸುನಂದೆಗೆ ಮಾತ್ರ ಗೊತ್ತಿತ್ತು. ನಾನು ಕೊಟ್ಟರೆ ಇದ್ದ ಧ್ವನಿಯೂ ಹೋಗುತ್ತಿತ್ತು. ಮನೆಯ ಆಡಳಿತವೆಲ್ಲ ಹೀಗೆ ಒಂದೇ ಕೈಯಲ್ಲಿ ಸೇರಿಕೊಳ್ಳುವುದು ಒಳ್ಳೆಯದಲ್ಲವೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಅಷ್ಟರಲ್ಲಿ ಕಾರವಾರದ ನಮ್ಮ ಓಣಿಯಲ್ಲಿ ಒಂದೊಂದೇ ಮನೆಯ ಗೋಡೆಗೆ ಚಪ್ಪಟೆ ಟಿ.ವಿ.ಗಳು ಅಂಟಿಕೊಳ್ಳತೊಡಗಿದವು. ಈಗ ಪ್ಲಾಸ್ಮಾ ಎಂದರೆ ಅಂಗಡಿಯವರೇ ನಗುತ್ತಾರೆ, ಆ ವಂಶವೇ ಮುಗಿದುಹೋಗಿದೆ. ಆದರೆ ಆಗ ಅದು ದೊಡ್ಡ ಮಾತು. ಹಳೆಯದನ್ನು ಅಂಗಡಿಗೆ ಬಿಟ್ಟುಕೊಟ್ಟು ಹೊಸದನ್ನು ತಂದೆವು.

ಟಿ.ವಿ. ಆರಿಸುವುದು ಹೆಣ್ಣು ನೋಡುವುದಕ್ಕಿಂತ ಕಷ್ಟ. ಹೆಣ್ಣು ನೋಡಲು ಹೋದಲ್ಲಿ ಒಬ್ಬಳೇ ಇರುತ್ತಾಳೆ, ಅವಳೂ ನಮ್ಮನ್ನು ನೋಡುತ್ತಾಳೆ, ಇಬ್ಬರದೂ ಸರಿಗೆ ಸರಿಯಾಗುತ್ತದೆ. ಅಂಗಡಿಯಲ್ಲಾದರೋ ಗೋಡೆಯ ತುಂಬ ಟಿ.ವಿ.ಗಳು. ಎಲ್ಲದರಲ್ಲೂ ಒಂದೇ ಸಮುದ್ರ, ಒಂದೇ ಹಳದಿ ಮೀನು, ಅದೂ ಎಲ್ಲದರಲ್ಲೂ ಒಂದೇ ಹೊತ್ತಿಗೆ ಬಾಲ ತಿರುಗಿಸುತ್ತದೆ. ಕೈಗಳನ್ನು ಹಿಂದೆ ಕಟ್ಟಿಕೊಂಡು, ಒಂದು ಕಣ್ಣು ಸಣ್ಣ ಮಾಡಿ, ಮುಂದೆ ಹೋಗಿ ಹಿಂದೆ ಬಂದು ನೋಡಿದೆ. ಏನು ನೋಡಬೇಕೆಂದು ಗೊತ್ತಿಲ್ಲದವರು ಹೀಗೆಯೇ ನೋಡುತ್ತಾರೆ. ಟೈ ಕಟ್ಟಿದ ಮಾರಾಟಗಾರ, ‘ಪ್ಲಾಸ್ಮಾದಲ್ಲಿ ಕಪ್ಪು ಅಂದ್ರೆ ನಿಜವಾದ ಕಪ್ಪು ಸರ್’ ಎಂದ. ಇಷ್ಟು ವರ್ಷ ಸುಳ್ಳು ಕಪ್ಪಿನಿಂದ ಬಹಳ ನೊಂದವನಂತೆ ನಾನು ತಲೆಯಾಡಿಸಿದೆ. ಸುನಂದೆ ಮಾತ್ರ, ‘ನಮ್ಮಲ್ಲಿ ಸಮುದ್ರದ ಉಪ್ಪುಗಾಳಿ. ಇದ್ಕೆ ಎಂತ ಆಗ್ತದೆ?’ ಎಂದು ಕೇಳಿದಳು. ಉತ್ತರವಿಲ್ಲದಾಗ ಜನ ಎಚ್ಚರಿಕೆ ಕೊಡುತ್ತಾರೆ. ಒಂದೇ ಚಿತ್ರವನ್ನು ಬಹಳ ಹೊತ್ತು ನಿಲ್ಲಿಸಿಡಬಾರದು, ಇಟ್ಟರೆ ಅದರ ಅಚ್ಚು ಗಾಜಿನ ಮೇಲೆ ಕೂತುಬಿಡುತ್ತದೆ, ಆಮೇಲೆ ಏನು ಹಾಕಿದರೂ ಹಿಂದಿನಿಂದ ಆ ನೆರಳು ಕಾಣುತ್ತಿರುತ್ತದೆ ಎಂದ. ಅಂದಿನಿಂದ ಮನೆಯಲ್ಲಿ ಯಾರಾದರೂ ರಿಮೋಟಿನಲ್ಲಿ ಚಿತ್ರ ನಿಲ್ಲಿಸುವ ಗುಂಡಿಯ ಹತ್ತಿರ ಬೆರಳು ತಂದರೆ ಸಾಕು, ಹಾವು ತುಳಿದವನಂತೆ ಹಾರುತ್ತಿದ್ದೆ. ಓಣಿಯವರಿಗೆಲ್ಲ ಈ ವಿಷಯವಾಗಿ ಉಪನ್ಯಾಸ ಕೊಟ್ಟದ್ದೂ ಉಂಟು.

ಬಂದವರು ಚಿತ್ರ ನೋಡಿ ಏನೆನ್ನುತ್ತಾರೆಂದು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದೆ. ನಾನು ಹುಟ್ಟಿದ್ದು ಅಂಕೋಲೆಯ ಹತ್ತಿರದ ಶೆಟಗೇರಿಯಲ್ಲಿ. ಆ ಕಡೆಯ ಜನರ ಒಂದು ಗುಣವನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಯಾವುದನ್ನೂ ಬಾಯಿ ತುಂಬ ಹೊಗಳುವ ರೂಢಿಯಿಲ್ಲ. ಹೊಗಳಿಕೆಯ ಕೊನೆಯ ಮೆಟ್ಟಿಲೆಂದರೆ ‘ಅಡ್ಡಿಲ್ಲ’. ಮದುವೆಯ ಊಟಕ್ಕೆ ಎರಡೆರಡು ಸಲ ಪಾಯಸ ಹಾಕಿಸಿಕೊಂಡವರೂ ಕೈ ತೊಳೆಯುವಾಗ ಹೇಳುವುದು ಅಡ್ಡಿಲ್ಲ. ಮಗಳು ತಾಲೂಕಿಗೇ ಮೊದಲು ಬಂದರೆ ಅಡ್ಡಿಲ್ಲ. ಇಶಾಡ ಮಾವಿನ ಹಣ್ಣಿನ ಪರಿಮಳ ಇಡೀ ಬಸ್ಸನ್ನು ಹಿಡಿದು ಕೂತಿದ್ದರೂ ಬುಟ್ಟಿಯ ಒಡತಿಗೆ ಅದು ‘ಈ ವರ್ಷ ಅಡ್ಡಿಲ್ಲ’. ಹಾಗಾಗಿ ಊರಿನಿಂದ ಬಂದ ಯಾರಾದರೂ ಒಬ್ಬರು ನನ್ನ ಟಿ.ವಿ.ಗೆ ಆ ಒಂದು ಮಾತು ದಯಪಾಲಿಸಲಿ ಎಂದು ಕಾಯುತ್ತಿದ್ದೆ. ಬಂದವರೋ ಚಹಾ ಕುಡಿದು, ‘ಕರೆಂಟು ಸುಮಾರು ತಿಂತದೇನ?’ ಎಂದು ಕೇಳಿ ಹೋಗುತ್ತಿದ್ದರು.

ಕಾರವಾರದವರ ರೀತಿ ಬೇರೆ. ಎದುರುಮನೆಯ ವಿಠೋಬ ಬೈತಖೋಲ ಬಂದರದಲ್ಲಿ ಮೀನಿನ ಹರಾಜು ಕೂಗುವವ. ಒಂದು ಭಾನುವಾರ ಬಂದು ಕೂತ. ನಾನು ಬೇಕೆಂದೇ ಸಮುದ್ರದಾಳದ ಚಾನೆಲ್ಲು ಹಾಕಿದೆ. ಅವನು ತುಸು ಹೊತ್ತು ನೋಡಿ, ‘ನಾಯ್ಕರೆ, ಇದು ಹಳೇ ಮೀನು’ ಎಂದ.

‘ಅದು ಜೀವಂತ ಇದೆ ಮಾರಾಯಾ, ಈಜ್ತಾ ಇದೆ’ ಎಂದೆ.

‘ಈಜ್ತದೆ, ಖರೆ. ಆದ್ರೆ ತಾಜಾ ಇಲ್ಲ. ಕಿವಿರು ನೋಡಿ, ಮಣ್ಣಿನ ಬಣ್ಣ ಬಂದದೆ. ಇದನ್ನ ನಾ ಹರಾಜಿಗೇ ಇಡೂದಿಲ್ಲ.’

ಈ ಮಾತಿಗೆ ನಗಬೇಕಿತ್ತು. ಆದರೆ ಕರಾವಳಿಯಲ್ಲಿ ಹುಟ್ಟಿದವನಿಗೆ ಮೀನಿನ ಕಿವಿರಿಗಿಂತ ದೊಡ್ಡ ಸಾಕ್ಷಿ ಇಲ್ಲ. ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ಕೆಂಪು ನೋಡದೆ ಬಂಗಡೆ ಕೊಂಡವನನ್ನು ನಮ್ಮಲ್ಲಿ ಮನೆಯೊಳಗೂ ಕರೆಯುವುದಿಲ್ಲ. ಇಬ್ಬರೂ ರಿಮೋಟು ಹಿಡಿದು ಕೂತೆವು. ಕೆಂಪು ಏರಿಸಿದೆವು, ಹೊಳಪು ಏರಿಸಿದೆವು. ಕಿವಿರು ಕಂಡ ಮೀನು ತೇಲಿ ಬಂದಾಗಲೆಲ್ಲ ವಿಠೋಬ ಮುಂದೆ ಬಾಗಿ ನೋಡುತ್ತಿದ್ದ. ಕೊನೆಗೆ ‘ಹಾಂ, ಈಗ ಇದನ್ನ ತಗೊಳ್ಬಹುದು’ ಎಂದು ಎದ್ದು ಹೋದ. ನನಗೆ ಕೃತಾರ್ಥನಾದೆ ಎನ್ನಿಸಿತು. ಆಮೇಲೆ ವಾರ್ತೆ ಹಾಕಿದರೆ ಓದುವವಳಿಗೆ ವಿಪರೀತ ಜ್ವರ. ಅವಳ ಪಕ್ಕ ಕೂತ ಪಂಡಿತರ ಮುಖ ಈಗಷ್ಟೇ ಯಾರಿಂದಲೋ ಹೊಡೆಸಿಕೊಂಡು ಬಂದ ಹಾಗೆ. ಸುನಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಅಹೋ, ನಿಮ್ಮ ಮೀನು ತಾಜಾ ಆಯ್ತು, ಮನುಷ್ಯರೆಲ್ಲ ಕೆಟ್ಟೋದ್ರು’ ಎಂದಳು.

ಅವಳದ್ದೂ ಒಂದು ಅಳತೆ ಇತ್ತೆನ್ನಿ. ಧಾರಾವಾಹಿಯಲ್ಲಿ ಯಾರಾದರೂ ಹಸಿರು ಸೀರೆ ಉಟ್ಟು ಬಂದರೆ, ಆ ಹಸಿರು ತನ್ನ ಮದುವೆಯ ಸೀರೆಯ ಹಸಿರಾಗುವವರೆಗೆ ಗುಂಡಿ ಒತ್ತುವುದು. ಹೀಗೆ ಬೆಳಿಗ್ಗೆ ಮೀನಿಗೆ, ಸಂಜೆ ಸೀರೆಗೆ ನಮ್ಮ ಟಿ.ವಿ. ಬಣ್ಣ ಬದಲಿಸುತ್ತಿತ್ತು. ಚಿತ್ರ ಚೆನ್ನಾಗಿದೆ ಎಂದರೆ ಏನು? ಇದ್ದದ್ದು ಇದ್ದ ಹಾಗೆ ಕಾಣುವುದೇ? ಹಾಗಾದರೆ ಇದ್ದದ್ದನ್ನು ಸರಿಯಾಗಿ ಕಂಡವರು ಯಾರು? ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ರಾಜವೇಷದವನನ್ನು ಹತ್ತಿರದಿಂದ ನೋಡಿದರೆ ಮುಖದ ಬಣ್ಣ ಬೆವರಿಗೆ ಬಿರುಕುಬಿಟ್ಟಿರುತ್ತದೆ, ಬಾಯಲ್ಲಿ ಎಲೆಯಡಿಕೆಯ ಕವಳ ಇರುತ್ತದೆ. ರಂಗಸ್ಥಳದ ದೀಪಕ್ಕೆ ಬಂದು ನಿಂತಾಗ ಹಿಂದಿನ ಸಾಲಿನವನಿಗೆ ಅವನೇ ಚಕ್ರವರ್ತಿ. ಎರಡರಲ್ಲಿ ಯಾವುದು ಸುಳ್ಳು ಎಂದು ನಾನು ಚಿಕ್ಕಂದಿನಲ್ಲಿ ಅಪ್ಪನನ್ನು ಕೇಳಿದ್ದೆ. ‘ಸುಮ್ನೆ ಹಿಂದೆ ಹೋಗಿ ಕೂತ್ಕ’ ಎಂದಿದ್ದ. ಆ ಮಾತನ್ನು ನಾನು ಬೈಗುಳವೆಂದು ತಿಳಿದಿದ್ದೆ.

ಇಷ್ಟು ಹೊತ್ತು ಮೀನು, ಸೀರೆ ಎಂದು ಅಡ್ಡಾಡಿದ್ದು ಏಕೆಂದರೆ ಹೇಳಬೇಕಾದ ಮಾತಿಗೆ ಬರಲು ಮನಸ್ಸು ಹಿಂದೆಮುಂದೆ ನೋಡುತ್ತಿದೆ. ಟಿ.ವಿ. ಬಂದ ವಾರದಲ್ಲೇ ಶೆಟಗೇರಿಯಿಂದ ಅಕ್ಕನ ಫೋನು ಬಂತು. ಅಕ್ಕ ನನಗಿಂತ ತುಂಬ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅದೇ ಊರಿಗೆ ಕೊಟ್ಟದ್ದು. ಮೈದುನರ ಮನೆಯವರೊಂದಿಗೆ ಶೇಂಗಾ, ತರಕಾರಿ ಬೆಳೆಯುತ್ತ, ತುಂಬಿದ ಮನೆಯಲ್ಲಿ ನಗುತ್ತ ಇದ್ದಾಳೆ. ಬಾವ ಎದೆನೋವಿನಲ್ಲಿ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು.

‘ತಮಾ, ದೊಡ್ಡ ಟೀವಿ ತಂದ್ಯಂತಲ್ಲ’ ಎಂದಳು. ‘ಅದ್ರಲ್ಲಿ ಅವ್ರು ಎಷ್ಟ್ ದೊಡ್ಡ ಕಾಣ್ತ್ರು?’

ಅವ್ರು ಎಂದರೆ ಬಾವ. ನಮ್ಮ ಮದುವೆಯ ವೀಡಿಯೊದಲ್ಲಿ ಬಾವ ಒಂದಿಷ್ಟು ಕ್ಷಣ ಬರುತ್ತಾನೆ. ಮದುವೆಯ ಮರುದಿನ ಶೆಟಗೇರಿಯ ಮನೆಯಂಗಳದ ಊಟ. ಪಾಯಸದ ಕೊಳಗ ಹಿಡಿದು ಸಾಲಿನ ಮಧ್ಯೆ ಬರುತ್ತಿದ್ದ ಬಾವನ ಮೇಲೆ ವೀಡಿಯೊದವನ ದೀಪ ಬೀಳುತ್ತದೆ. ಅವನು ನಾಚಿ, ಸೌಟು ಎತ್ತಿ ‘ನನ್ನ ಎಂತಕ್ಕೆ ತೆಗಿತಿ, ಮದುಮಗನ್ನ ತೆಗಿ’ ಎನ್ನುವ ಹಾಗೆ ಕೈ ಮಾಡಿ, ಹೆಗಲ ಮೇಲಿನ ಟುವಾಲಿನಿಂದ ಹಣೆ ಒರೆಸಿಕೊಳ್ಳುತ್ತ ನಗುತ್ತಾನೆ. ಅಷ್ಟೇ. ಬದುಕಿದ್ದಷ್ಟು ದಿನ ಕ್ಯಾಮೆರಾ ಕಂಡರೆ ಕೊಟ್ಟಿಗೆಗೆ ಹೋಗಿ ನಿಲ್ಲುತ್ತಿದ್ದ ಮನುಷ್ಯ, ಅಂದು ಕೈಯಲ್ಲಿ ಪಾಯಸವಿದ್ದದ್ದರಿಂದ ಸಿಕ್ಕಿಬಿದ್ದ.

ಅಕ್ಕನ ಮನೆಯ ಗೋಡೆಯ ಮೇಲೆ ಬಾವನ ಒಂದು ಫೋಟೋ ಇದೆ. ಅದು ಗುರುತಿನ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿಸಿದ್ದು. ಸ್ಟುಡಿಯೋದವನು ಒಳ್ಳೆಯ ಮನಸ್ಸಿನಿಂದಲೇ ಬಾವನಿಗೆ ಕೋಟು ತೊಡಿಸಿ, ಟೈ ಕಟ್ಟಿ, ತಲೆಗೂದಲು ಕಪ್ಪು ಮಾಡಿ, ಹಿಂದೆ ನೀಲಿ ಮೋಡ ಬಿಟ್ಟಿದ್ದಾನೆ. ನಮ್ಮ ಕಡೆ ಸತ್ತವರೆಲ್ಲ ಹೀಗೆ ಒಮ್ಮೆಲೇ ಅಧಿಕಾರಿಗಳಾಗಿಬಿಡುತ್ತಾರೆ. ಗದ್ದೆಯಲ್ಲಿ ಮಂಡಿಯವರೆಗೆ ಕೆಸರು ಮಾಡಿಕೊಂಡು ಓಡಾಡಿದವನನ್ನು ಆ ಕೋಟಿನೊಳಗೆ ಹುಡುಕುವುದು ಅಕ್ಕನಿಗೆ ಆಗಿಲ್ಲ. ‘ದಿನಾ ಹೂ ಹಾಕ್ತೆ ತಮಾ. ಆದ್ರೆ ಈ ಮನ್ಷ ಯಾರೋ ಏನೋ’ ಎಂದು ಒಮ್ಮೆ ಅಂದಿದ್ದಳು. ಹಾಗಾಗಿ ಅವಳ ಪಾಲಿಗೆ ಬಾವ ಉಳಿದದ್ದು ನಮ್ಮ ಮನೆಯ ಸಿ.ಡಿ.ಯಲ್ಲಿ, ಆ ಕೆಲವು ಕ್ಷಣ ಮಾತ್ರ. ಕಾರವಾರಕ್ಕೆ ಬಂದಾಗಲೆಲ್ಲ ಹಳೆಯ ಟಿ.ವಿ.ಯಲ್ಲಿ ಅದನ್ನು ಹಾಕಿಸುತ್ತಿದ್ದಳು. ಅದರಲ್ಲಿ ಬಾವ ಹೆಬ್ಬೆರಳಿನಷ್ಟು.

‘ಎಷ್ಟ್ ದೊಡ್ಡ ಕಾಣ್ತ್ರು?’ ಎಂಬ ಪ್ರಶ್ನೆಗೆ ನಾನು ಎದೆಯುಬ್ಬಿಸಿ, ‘ಇದ್ದಷ್ಟೇ ದೊಡ್ಡ ಕಾಣ್ತ್ರು ಅಕ್ಕ’ ಎಂದುಬಿಟ್ಟೆ. ‘ಹಂಗಾದ್ರೆ ಬರ್ತೆ’ ಎಂದಳು.

ಬಂದಳು. ಕೈಯಲ್ಲಿ ಹರಿವೆ ಸೊಪ್ಪಿನ ಕಟ್ಟು, ಒಂದು ಚೀಲ ಇಶಾಡ. ಒಳಗೆ ಬಂದವಳನ್ನು ನೋಡಿ ಸುನಂದೆ ನನ್ನ ತೋಳು ಚಿವುಟಿದಳು. ಅಕ್ಕ ನಮ್ಮ ಮದುವೆಯ ಊಟದ ದಿನ ಉಟ್ಟಿದ್ದ ಸೀರೆಯನ್ನೇ ಉಟ್ಟು ಬಂದಿದ್ದಳು. ಪೆಟ್ಟಿಗೆಯ ಡಾಂಬರು ಗುಳಿಗೆಯ ವಾಸನೆ ಇನ್ನೂ ಅದರಿಂದ ಹೋಗಿರಲಿಲ್ಲ. ಅದನ್ನು ಕಂಡ ಮೇಲೆ ನನಗೆ ಮೊದಲ ಬಾರಿಗೆ ಸಣ್ಣಗೆ ಭಯವಾಯಿತು. ಸಿ.ಡಿ.ಯನ್ನು ಹೊಸ ಟಿ.ವಿ.ಯಲ್ಲಿ ನಾನು ಇನ್ನೂ ಹಾಕಿಯೇ ನೋಡಿರಲಿಲ್ಲ.

ಊಟವಾಗಿ, ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಕಿಟಕಿಗಳನ್ನೆಲ್ಲ ಮುಚ್ಚಿದೆ. ಬೆಳಕಿದ್ದರೆ ಆ ಗಾಜಿನಲ್ಲಿ ಚಿತ್ರಕ್ಕಿಂತ ನಮ್ಮ ಮುಖಗಳೇ ಹೆಚ್ಚು ಕಾಣುತ್ತವೆ. ಅಕ್ಕನನ್ನು ಎಲ್ಲಕ್ಕಿಂತ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ, ದೊಡ್ಡ ಮರ್ಯಾದೆ ಎಂಬಂತೆ. ಸಿ.ಡಿ. ತಿರುಗಿತು. ಅಂಗಳ ಬಂತು, ಚಪ್ಪರ ಬಂತು, ಊಟದ ಸಾಲು ಬಂತು. ಆದರೆ ಎಲ್ಲವೂ ಕದಡಿದ ನೀರಿನಲ್ಲಿ ಕಂಡ ಹಾಗೆ. ಹಳೆಯ ಕ್ಯಾಸೆಟ್ಟಿನಿಂದ ಸಿ.ಡಿ.ಗೆ ಇಳಿದು ಸೊರಗಿದ ಚಿತ್ರವನ್ನು ಇಷ್ಟಗಲ ಎಳೆದರೆ ಅದು ತಾನೇ ಏನು ಮಾಡೀತು? ಬಾವ ಬಂದ. ಬಂದದ್ದು ಬಾವನಲ್ಲ, ಒಂದಷ್ಟು ಚೌಕಗಳು. ಹಣೆಯಿದ್ದಲ್ಲಿ ಕಂದು ಚೌಕ, ನಗುವಿದ್ದಲ್ಲಿ ಬಿಳಿ ಚೌಕ, ಅವೂ ಒಂದು ಕಡೆ ನಿಲ್ಲದೆ ಅಲುಗುತ್ತಿದ್ದವು.

ಗುಂಡಿ ಒತ್ತಿ ಚಿತ್ರ ನಿಲ್ಲಿಸಿದೆ. ಕೆಂಪು ಇಳಿಸಿದೆ, ಹೊಳಪು ಇಳಿಸಿದೆ, ಚೂಪು ಮಾಡುವ ಗುಂಡಿ ಒತ್ತಿದೆ. ಚೌಕಗಳಿಗೆ ಇನ್ನಷ್ಟು ಅಂಚು ಬಂತು. ಅಕ್ಕ ಎದ್ದು ಹತ್ತಿರ ಹೋದಳು. ಇನ್ನೂ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು.

‘ತಮಾ, ಅವ್ರು ಎಲ್ಲವ್ರೆ ಇದ್ರಲ್ಲಿ?’

ನಾನು ಬೆರಳು ತೋರಿಸಿ, ಇದು ತಲೆ, ಇದು ಟುವಾಲು ಎಂದೆ. ಅಕ್ಕ ಬಾವನ ಮುಖ ಇರಬೇಕಾದಲ್ಲಿ ಅಂಗೈ ಇಟ್ಟಳು. ಪ್ಲಾಸ್ಮಾದ ಗಾಜು ಹಚ್ಚಿಟ್ಟರೆ ಬಿಸಿಯಾಗುತ್ತದೆ. ‘ಬೆಚ್ಚಗೆ ಅದೆ’ ಎಂದು ಮೆಲ್ಲಗೆ ಅಂದಳು. ಆಮೇಲೆ ಕೈ ತೆಗೆದು, ನನ್ನ ಮುಖ ನೋಡಿ, ‘ಇರ್ಲಿ ಬಿಡು ತಮಾ, ನೀ ಎಂತಕ್ಕೆ ಬೇಜಾರ ಮಾಡ್ಕಂತೆ?’ ಎಂದು ತಾನೇ ನನಗೆ ಸಮಾಧಾನ ಹೇಳಿದಳು. ಹೆಬ್ಬೆರಳಿನಷ್ಟಾದರೂ ಇದ್ದ ಬಾವನನ್ನು ನಾನು ಅಂಗಡಿಯವನಿಗೆ ಬಿಟ್ಟುಕೊಟ್ಟು ಬಂದಿದ್ದೆ. ಅಳು ಬರುವಂತಾಯಿತು. ಈ ವಯಸ್ಸಿನಲ್ಲಿ ರಿಮೋಟು ಹಿಡಿದು ಅಳುವುದು ಚೆನ್ನಾಗಿರುವುದಿಲ್ಲವೆಂದು ಬಣ್ಣದ ಇನ್ನೊಂದು ಗುಂಡಿ ಒತ್ತಿದೆ.

ಅಕ್ಕನಿಗೆ ದುಃಖವಾದರೆ ಕೂರಲು ಬರುವುದಿಲ್ಲ, ಕೆಲಸ ಬೇಕು. ನಮ್ಮ ಮನೆಯ ಮುಂಬಾಗಿಲಿಗೆ ನೇರವಾಗಿ, ಅಂಗಳದ ಆ ತುದಿಯಲ್ಲಿ ಬಾವಿ ಇದೆ. ‘ಸೊಪ್ಪು ತೊಳಿತೆ’ ಎಂದು ಹರಿವೆಯ ಕಟ್ಟು ಹಿಡಿದು ಅಲ್ಲಿಗೆ ಹೋದಳು. ಹಗ್ಗ ಜಗ್ಗುವ ಸದ್ದು ಕೇಳಿತು. ಆಮೇಲೆ ಸದ್ದು ನಿಂತಿತು. ತುಂಬಿದ ಕೊಡಪಾನವನ್ನು ಕಟ್ಟೆಯ ಮೇಲೆ ಇಟ್ಟ ಸದ್ದೂ ಬರಲಿಲ್ಲ.

‘ತಮಾ’ ಎಂದಳು. ‘ಇಲ್ಲಿ ಬಾ.’

ಹೋದೆ. ಅಕ್ಕ ಒಂದು ಕೈಯಲ್ಲಿ ಹಗ್ಗ ಹಿಡಿದುಕೊಂಡೇ ಬಾಗಿಲ ಕಡೆ ತಿರುಗಿ ನಿಂತಿದ್ದಳು. ನಾನೂ ತಿರುಗಿ ನೋಡಿದೆ. ಹೊರಗೆ ಮಬ್ಬಾಗುತ್ತಿತ್ತು. ತೆರೆದ ಬಾಗಿಲ ಚೌಕಟ್ಟಿನೊಳಗೆ, ನಮ್ಮ ಪಡಸಾಲೆಯಲ್ಲಿ, ಬಾವ ನಿಂತಿದ್ದ. ಟುವಾಲು ಹಣೆಯ ಮೇಲಿತ್ತು. ನಗು ಮುಖದ ಮೇಲೆಯೇ ಇತ್ತು. ಚೌಕಗಳೆಲ್ಲ ಎಲ್ಲಿ ಹೋದವೋ, ಒಂದೂ ಕಾಣಲಿಲ್ಲ. ಮನೆಗೆ ಬಂದ ನೆಂಟ ಸೆಖೆಗೆ ಬೆವರು ಒರೆಸಿಕೊಳ್ಳುತ್ತ ಎದ್ದು ನಿಂತಂತೆ ನಿಂತಿದ್ದ. ಇದ್ದಷ್ಟೇ ದೊಡ್ಡದಾಗಿ.

ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಮೋಸಹೋಗಬೇಡಿ ಎಂಬ ಅರ್ಥದಲ್ಲಿ ಹೇಳಿದ್ದಾರೆ. ನಾನೂ ಅದನ್ನು ಅನೇಕರಿಗೆ ಬುದ್ಧಿವಾದವಾಗಿ ಹಂಚಿದ್ದೇನೆ. ಆದರೆ ಬಾವಿಯ ಕಟ್ಟೆಯ ಬಳಿ ನಿಂತಾಗ ಹೊಳೆದದ್ದು ಬೇರೆ. ಅಕ್ಕ ಬಾವನನ್ನು ನೋಡಿದ್ದೇ ಇಷ್ಟು ದೂರದಿಂದ. ಒಟ್ಟು ಕುಟುಂಬದ ಮನೆಯಲ್ಲಿ ಗಂಡನ ಎದುರು ಕುರ್ಚಿ ಹಾಕಿಕೊಂಡು ಮುಖ ನೋಡುತ್ತ ಕೂತವರು ಯಾರು? ನೀರು ಸೇದುವಾಗ ಬಾಗಿಲಲ್ಲಿ ನಿಂತದ್ದು, ಶೇಂಗಾ ಕೀಳುವಾಗ ಗದ್ದೆಯ ಆ ಬದುವಿನಲ್ಲಿ ಟುವಾಲು ಕೊಡವಿದ್ದು, ಇಷ್ಟೇ ಅವಳು ಕಂಡ ಬಾವ. ನಾನು ಅವಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಅವಳು ಎಂದೂ ನೋಡದ ಹತ್ತಿರದಿಂದ ತೋರಿಸಲು ಹೊರಟಿದ್ದೆ.

ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಸುನಂದೆ ಅಲ್ಲಿಗೇ ಚಹಾ ತಂದಳು. ಅಷ್ಟರಲ್ಲಿ ಬಂದರದ ಕೆಲಸ ಮುಗಿಸಿ ಬಂದ ವಿಠೋಬ ಗೇಟಿನಿಂದ ಇಣುಕಿ, ನಿಂತ ಚಿತ್ರ ನೋಡಿ ಗಾಬರಿಯಾದ. ‘ನಾಯ್ಕರೆ, ಚಿತ್ರ ನಿಂತದೆ. ಅಚ್ಚು ಬೀಳ್ತದೆ ಅಂತ ನೀವೇ...’ ಎಂದು ಶುರುಮಾಡಿದ. ಕೈ ಎತ್ತಿ ಅವನನ್ನು ಸುಮ್ಮನಾಗಿಸಿದೆ. ಅಚ್ಚು ಬಿದ್ದರೆ ಬೀಳಲಿ. ಅಂಥ ಅಚ್ಚು ಬೀಳಬೇಕಾದರೆ ಇದಕ್ಕಿಂತ ಒಳ್ಳೆಯ ಚಿತ್ರ ಯಾವುದಿತ್ತು? ವಿಠೋಬನೂ ಮತ್ತೆ ಒಳಗೆ ನೋಡಿದ, ಈ ಸಲ ಅದು ಚಿತ್ರವೆಂಬುದನ್ನೇ ಮರೆತವನಂತೆ. ‘ಯಾರು ಬಂದವ್ರೆ?’ ಎಂದು ಪಿಸುಗುಟ್ಟಿದ. ಅಕ್ಕನಿಗೆ ಅದು ಕೇಳಿಸಿತು, ಅವಳ ಮುಖದಲ್ಲಿ ನಗು ಬಂತು.

ಎಷ್ಟು ಹೊತ್ತು ಕೂತೆವೋ. ಚಹಾ ಆರಿತ್ತು. ಕೊನೆಗೆ ಅಕ್ಕನೇ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

‘ಸಾಕು, ಬಂದ್ ಮಾಡು ತಮಾ. ಪಾಪ, ಆಗಿಂದ ನಿಂತೇ ಅವ್ರೆ.’

ಒಳಗೆ ಹೋಗಿ ಆರಿಸಿದೆ. ಆರಿಸುವ ಮುಂಚೆ ನನಗೂ ‘ಕೂತ್ಕೊ ಬಾವ’ ಎನ್ನಬೇಕೆನ್ನಿಸಿತು, ಅಂದೂಬಿಟ್ಟೆ. ಹರಿವೆ ಸೊಪ್ಪಿನ ಪಲ್ಯ ಬಡಿಸುವಾಗ ಸುನಂದೆ, ‘ಅಕ್ಕಾ, ಟೀವಿ ಹೆಂಗದೆ?’ ಎಂದು ಕೇಳಿದಳು. ನಾನು ತುತ್ತು ಕೈಯಲ್ಲೇ ಹಿಡಿದು ಕೂತೆ. ಅಕ್ಕ ಅನ್ನ ಕಲಸುತ್ತ, ತಲೆ ಎತ್ತದೆ ಹೇಳಿದಳು:

‘ಅಡ್ಡಿಲ್ಲ.’

ಮರುದಿನ ಅಕ್ಕನನ್ನು ಅಂಕೋಲೆಯ ಬಸ್ಸು ಹತ್ತಿಸಿ ಬಂದು ವಾರ್ತೆ ಹಾಕಿದೆ. ಮಾರಾಟಗಾರ ಹೇಳಿದ್ದು ಸುಳ್ಳಲ್ಲ. ವಾರ್ತೆ ಓದುವವಳ ಹೆಗಲ ಮೇಲೆ ಮಸುಕಾಗಿ ಬಾವನ ಟುವಾಲು ಇತ್ತು. ಊರೂರಿನ ಸುದ್ದಿಯನ್ನೆಲ್ಲ ಅವಳು ಆ ಟುವಾಲು ಹೊತ್ತುಕೊಂಡೇ ಓದಿದಳು. ಅದು ದಿನದಿನಕ್ಕೆ ಮಾಸುತ್ತ ಬಂದು ಒಂದು ದಿನ ಹುಡುಕಿದರೂ ಕಾಣಲಿಲ್ಲ. ಗಾಜು ಸ್ವಚ್ಛವಾಯಿತೆಂದು ಖುಷಿಪಡಬೇಕಾದವನು ಅಂದು ಇಡೀ ದಿನ ಮಂಕಾಗಿದ್ದೆ.

ಅಂದಿನಿಂದ ಬಣ್ಣದ ಗುಂಡಿಗಳನ್ನು ನಾನು ಮುಟ್ಟಿಲ್ಲ. ಟಿ.ವಿ. ಈಗ ಮುದಿಯಾಗಿದೆ, ಮೂಲೆಯಲ್ಲಿ ಒಂದು ಗೆರೆ ಬಂದಿದೆ, ರಿಪೇರಿಯವನು ಬಿಡಿಭಾಗ ಸಿಗುವುದಿಲ್ಲ ಎಂದು ಕೈಚೆಲ್ಲಿದ್ದಾನೆ. ಹೊಸದು ತನ್ನಿ ಎಂದು ಎಲ್ಲರೂ ಹೇಳುತ್ತಾರೆ. ಇಶಾಡದ ಕಾಲ ಬಂದರೆ ಅಕ್ಕ ಚೀಲ ಹಿಡಿದು ಬರುತ್ತಾಳೆ, ಚಪ್ಪಲಿ ಬಿಟ್ಟವಳು ಒಳಗೂ ಬಾರದೆ ನೇರ ಬಾವಿಯ ಬಳಿ ಕಲ್ಲಿನ ಮೇಲೆ ಹೋಗಿ ಕೂರುತ್ತಾಳೆ. ನಾನು ಒಳಗೆ ಹೋಗಿ ಆ ಸಿ.ಡಿ. ಹಚ್ಚುತ್ತೇನೆ. ನಮ್ಮ ಮನೆಗೆ ಬಂದ ನೀವು ಯಾರಾದರೂ, ‘ಇದರಲ್ಲಿ ಚಿತ್ರ ಹೇಗೆ ಬರುತ್ತದೆ?’ ಎಂದು ಕೇಳಿದರೆ ನಾನೀಗ ರಿಮೋಟು ಹುಡುಕುವುದಿಲ್ಲ. ಮೊದಲು ಹೊರಗೆ ಹೋಗಿ ಒಂದು ಕೊಡ ನೀರು ಸೇದಿ ಎನ್ನುತ್ತೇನೆ. ಅಲ್ಲಿಂದ ತಿರುಗಿ ನೋಡಿ.